ಆಡಿಟ್ ಆಫೀಸಿನ 14 ಸಿಸ್ಟಮ್‌ಗೂ ಒಂದೇ ಕಡೆಯಿಂದ ಲಾಗಿನ್ ಕೊಡುವುದು ಹೇಗೆ?

ಬೆಣ್ಣೆನಗರಿ (ಪ್ರಶ್ನೆ ಹಾಕಿದವರು)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕಂಪ್ಯೂಟರ್ ವಿಷಯ ಸ್ವಲ್ಪ ಗೊತ್ತಿದೆ ಅಂತ ಸಿಸ್ಟಮ್, ಪ್ರಿಂಟರ್, ನೆಟ್‌ವರ್ಕ್ ಎಲ್ಲಾ ನನ್ನ ಪಾಲಿಗೇ ಬಂದಿದೆ.

ಒಟ್ಟು 14 ಸಿಸ್ಟಮ್ ಇವೆ. 10ರಲ್ಲಿ ವಿಂಡೋಸ್ 11 ಪ್ರೊ. ಎರಡು ಲ್ಯಾಪ್‌ಟಾಪ್‌ನಲ್ಲಿ ಹೋಮ್ ಎಡಿಷನ್. ಇನ್ನೆರಡು ಹಳೆಯವು ವಿಂಡೋಸ್ 11ಕ್ಕೆ ಒಗ್ಗಲಿಲ್ಲ. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತಲ್ಲ, ಆಗ ಅವಕ್ಕೆ ಲಿನಕ್ಸ್ ಮಿಂಟ್ ಹಾಕಿದೆವು.

ಎಲ್ಲಾ ಸಿಸ್ಟಮ್‌ನಲ್ಲೂ 'ಆಫೀಸ್' ಅಂತ ಒಂದೇ ಅಕೌಂಟ್, ಒಂದೇ ಪಾಸ್‌ವರ್ಡ್. ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಹುಡುಗರು ಬರುತ್ತಾರೆ, ಮುಗಿಸಿ ಹೋಗುತ್ತಾರೆ. ಪಾಸ್‌ವರ್ಡ್ ಮಾತ್ರ ಅದೇ. ಒಬ್ಬ ಕ್ಲೈಂಟಿನ ವರ್ಕಿಂಗ್ ಪೇಪರಿನ ಎಕ್ಸೆಲ್ ಶೀಟ್‌ನಲ್ಲಿ ಅಂಕಿ ಬದಲಾಗಿತ್ತು. ಯಾರು ಬದಲಿಸಿದ್ದು ಅಂತ ಯಾರಿಗೂ ಹೇಳಲಾಗಲಿಲ್ಲ. ಸುಮ್ನೆ ಎಲ್ಲರ ಮೇಲೂ ಅನುಮಾನ. ಅದು ನನಗೆ ತುಂಬಾ ಬೇಜಾರಾಯಿತು.

ಇದರ ಜೊತೆಗೆ ಹೊಸ ಸಿಸ್ಟಮ್‌ಗಳಲ್ಲಿ ಹಳೆಯ ಶೇರ್ ಫೋಲ್ಡರ್ ತೆರೆಯುತ್ತಲೇ ಇಲ್ಲ.

ನನಗೆ ಬೇಕಾಗಿರುವುದು ಇಷ್ಟು: ಒಬ್ಬರಿಗೆ ಒಂದು ಐಡಿ. ಯಾವ ಸಿಸ್ಟಮ್ ಮುಂದೆ ಕೂತರೂ ಅದೇ ಐಡಿಯಲ್ಲಿ ಲಾಗಿನ್. ಯಾರಾದರೂ ಕೆಲಸ ಬಿಟ್ಟರೆ ಒಂದು ಕಡೆ ಮುಚ್ಚಿದರೆ ಸಾಕು. ಖರ್ಚು ಕಡಿಮೆ ಇರಬೇಕು. ಎಲ್ಲಿಂದ ಶುರು ಮಾಡಲಿ?

ಮಲೆನಾಡ_ಮಳೆ

ಸರ್, 14 ಸಿಸ್ಟಮ್‌ಗೆ ಸರ್ವರ್ ಬೇಕಾ ಅಂತ ಮೊದಲು ಯೋಚಿಸಿ. ವರ್ಕ್‌ಗ್ರೂಪ್‌ನಲ್ಲೇ (ಸರ್ವರ್ ಇಲ್ಲದೆ ಸಿಸ್ಟಮ್‌ಗಳನ್ನು ಜೋಡಿಸುವ ರೀತಿ) ಪ್ರತಿ ಸಿಸ್ಟಮ್‌ನಲ್ಲೂ ಬೇಕಾದವರಿಗೆ ಅಕೌಂಟ್ ಮಾಡಿ. ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇದ್ದರೆ ಶೇರ್ ಫೋಲ್ಡರ್ ಮತ್ತೆ ಪಾಸ್‌ವರ್ಡ್ ಕೇಳದೆ ತೆರೆಯುತ್ತದೆ. ನಮ್ಮ ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಹೀಗೇ ನಡೆಯುತ್ತಿದೆ, ಏನೂ ತೊಂದರೆ ಇಲ್ಲ. ಸರ್ವರ್ ಅಂದರೆ ಅದನ್ನು ನೋಡಿಕೊಳ್ಳುವವರೂ ಬೇಕಲ್ವಾ?

ತಂತಿಮನೆ

ಮಳೆ ಸರ್, ನಿಮ್ಮಲ್ಲಿ ಎಷ್ಟು ಸಿಸ್ಟಮ್? ನಾಲ್ಕೈದು ಇದ್ದು, ಅದೇ ಜನ ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತಿದ್ದರೆ ನೀವು ಹೇಳಿದ್ದೇ ಸರಿ. ನಾನೂ ಅಲ್ಲಿ ಡೊಮೈನ್ (ಎಲ್ಲರ ಐಡಿಯನ್ನೂ ಒಂದೇ ಸರ್ವರ್ ನೋಡಿಕೊಳ್ಳುವ ವ್ಯವಸ್ಥೆ) ಹಾಕಿ ಅಂತ ಹೇಳುವುದಿಲ್ಲ.

ಆಡಿಟ್ ಆಫೀಸಿನ ಕಥೆ ಬೇರೆ. ಅಲ್ಲಿ ನೋಡಬೇಕಾದ್ದು ಸಿಸ್ಟಮ್ ಎಷ್ಟು ಅನ್ನುವುದನ್ನಲ್ಲ. ಜನ ಎಷ್ಟು ಬೇಗ ಬದಲಾಗುತ್ತಾರೆ, ಒಂದು ಸಿಸ್ಟಮ್ ಮುಂದೆ ಎಷ್ಟು ಜನ ಕೂರುತ್ತಾರೆ ಅನ್ನುವುದನ್ನು ನೋಡಬೇಕು. ಆರ್ಟಿಕಲ್‌ಶಿಪ್ ಈಗ ಎರಡೇ ವರ್ಷ. ಪ್ರತಿ ವರ್ಷ ಒಂದಿಷ್ಟು ಮುಖ ಹೊಸದು. ಒಬ್ಬ ಹುಡುಗ ಹೋದಾಗ 14 ಸಿಸ್ಟಮ್‌ಗೂ ಹೋಗಿ ಅವನ ಅಕೌಂಟ್ ತೆಗೆಯುತ್ತೀರಾ? ಒಂದರಲ್ಲಿ ಬಿಟ್ಟುಹೋದರೂ ಬಾಗಿಲು ತೆರೆದೇ ಇರುತ್ತದೆ. ಪಾಸ್‌ವರ್ಡ್ ಬದಲಿಸಿದಾಗಲೂ ಇದೇ ಓಡಾಟ. ಅದಕ್ಕೇ ಕೊನೆಗೆ ಎಲ್ಲರೂ 'ಆಫೀಸ್' ಅನ್ನುವ ಒಂದೇ ಅಕೌಂಟಿಗೆ ಬಂದು ನಿಲ್ಲುತ್ತಾರೆ.

ಬೆಣ್ಣೆನಗರಿಯವರೇ, ಶೇರ್ ತೆರೆಯದಿರಲು ಕಾರಣವೂ ಹೆಚ್ಚುಕಡಿಮೆ ಇದೇ. ನಿಮ್ಮ ಹಳೆಯ ಫೋಲ್ಡರ್ 'ಎವ್ರಿವನ್' ಅಂತ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ಇರಬೇಕು. ವಿಂಡೋಸ್ 11 ಪ್ರೊದಲ್ಲಿ 24ಎಚ್2 ಆವೃತ್ತಿಯಿಂದ ಎಸ್ಎಂಬಿ ಸೈನಿಂಗ್ (ಶೇರ್ ಫೋಲ್ಡರಿಗೆ ಹೋಗಿಬರುವ ಪ್ರತಿ ಸಂದೇಶಕ್ಕೂ ಸಹಿ) ಕಡ್ಡಾಯ. ಗೆಸ್ಟ್ ಆಗಿ ಬಂದವರ ಹತ್ತಿರ ಸಹಿ ಹಾಕಲು ಕೀಲಿಯೇ ಇರುವುದಿಲ್ಲ, ಹಾಗಾಗಿ ಸಂಪರ್ಕ ಆಗುವುದಿಲ್ಲ. ರಿಜಿಸ್ಟ್ರಿಯಲ್ಲಿ ಅದನ್ನು ಆಫ್ ಮಾಡಿ ಅಂತ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ದಯವಿಟ್ಟು ಮಾಡಬೇಡಿ. ಕ್ಲೈಂಟುಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇರುವ ಫೋಲ್ಡರ್ ಅದು.

ಕಡಲತಡಿ

ನಾನು ಮಂಗಳೂರಿನಲ್ಲಿ ಸಣ್ಣ ಆಫೀಸುಗಳಿಗೆ ವಿಂಡೋಸ್ ಸರ್ವರ್ ಹಾಕಿಕೊಡುತ್ತೇನೆ. ಆಕ್ಟಿವ್ ಡೈರೆಕ್ಟರಿ (ಮೈಕ್ರೋಸಾಫ್ಟ್‌ನ ಡೊಮೈನ್ ವ್ಯವಸ್ಥೆ) ಹಾಕಿ, ಮುಗಿಯಿತು. ವಿಂಡೋಸ್ 2000ದಿಂದ ಇರುವ ವ್ಯವಸ್ಥೆ, ಎಲ್ಲಾ ಪ್ರಶ್ನೆಗೂ ಉತ್ತರ ಸಿಗುತ್ತದೆ. ಸ್ಟ್ಯಾಂಡರ್ಡ್ ಎಡಿಷನ್ ಆದರೆ ಪ್ರತಿಯೊಬ್ಬರಿಗೂ ಕ್ಯಾಲ್ (ಸರ್ವರ್ ಬಳಸುವ ಹಕ್ಕು) ಲೈಸೆನ್ಸ್ ಬೇಕು, ಅಲ್ಲಿ ದುಡ್ಡು ಹೋಗುತ್ತದೆ. ಎಸೆನ್ಷಿಯಲ್ಸ್ ಆದರೆ 25 ಜನ, 50 ಸಾಧನಗಳ ತನಕ ಕ್ಯಾಲ್ ಬೇಡ. ಆದರೆ 2022ರ ಎಸೆನ್ಷಿಯಲ್ಸ್ ಸರ್ವರ್ ಮಷಿನ್ ಜೊತೆಗೇ ಬರುತ್ತದೆ, ಬಿಡಿಯಾಗಿ ಸಿಗುವುದಿಲ್ಲ. ಹೊಸ ಸರ್ವರ್ ಕೊಳ್ಳುವ ಯೋಚನೆ ಇದ್ದರೆ ಕೇಳಿ ನೋಡಿ.

ಬೆಣ್ಣೆನಗರಿ

ಕಡಲತಡಿ ಸರ್, ಥ್ಯಾಂಕ್ಸ್. ನಮ್ಮ ಸಾಹೇಬರು ಹೊಸ ಸರ್ವರ್‌ಗೆ ಸದ್ಯಕ್ಕೆ ಒಪ್ಪುವುದಿಲ್ಲ. 16 ಜಿಬಿ ರ‍್ಯಾಮ್ ಇರುವ ಒಂದು ಸಿಸ್ಟಮ್ ಖಾಲಿ ಇದೆ. ಅದರಲ್ಲಿ ಲಿನಕ್ಸ್ ಹಾಕಿ ಇದನ್ನು ಮಾಡಬಹುದಾ? ಕ್ಲೌಡ್ ಲಾಗಿನ್ ಅಂತಲೂ ಒಬ್ಬರು ಹೇಳಿದರು.

ತಂತಿಮನೆ

ಧಾರಾಳವಾಗಿ ಮಾಡಬಹುದು. ಸಾಂಬಾ ಹಾಕಿ, ವಿಂಡೋಸ್ ಸರ್ವರ್ ಮಾಡುವ ಕೆಲಸವನ್ನು ಲಿನಕ್ಸ್‌ನಲ್ಲಿ ಮಾಡುವ ಉಚಿತ ತಂತ್ರಾಂಶ ಅದು. 2012ರ ಡಿಸೆಂಬರ್‌ನಲ್ಲಿ ಸಾಂಬಾ 4.0 ಬಂದಾಗಿನಿಂದ ಅದು ತಾನೇ ಆಕ್ಟಿವ್ ಡೈರೆಕ್ಟರಿ ಡೊಮೈನ್ ಕಂಟ್ರೋಲರ್ (ಎಲ್ಲರ ಐಡಿ ಇಟ್ಟುಕೊಂಡು ಲಾಗಿನ್ ಪರಿಶೀಲಿಸುವ ಸರ್ವರ್) ಆಗಬಲ್ಲದು. ವಿಂಡೋಸ್ ಸಿಸ್ಟಮ್‌ಗೆ ಎದುರಿಗಿರುವುದು ಮೈಕ್ರೋಸಾಫ್ಟ್ ಸರ್ವರ್ ಅಲ್ಲ ಅಂತ ಗೊತ್ತೂ ಆಗುವುದಿಲ್ಲ. ವಿಂಡೋಸ್ ಪ್ರೊ ಇರುವ ಒಂದು ಸಿಸ್ಟಮ್‌ನಲ್ಲಿ ಆರ್‌ಸ್ಯಾಟ್ (ಸರ್ವರನ್ನು ದೂರದಿಂದ ನಿರ್ವಹಿಸುವ ಮೈಕ್ರೋಸಾಫ್ಟ್ ಸಲಕರಣೆ) ಹಾಕಿಕೊಂಡರೆ ಯೂಸರ್ ಸೇರಿಸುವುದು, ತೆಗೆಯುವುದು, ಗ್ರೂಪ್ ಪಾಲಿಸಿ (ಎಲ್ಲಾ ಸಿಸ್ಟಮ್‌ಗೂ ಒಟ್ಟಿಗೆ ಹಾಕುವ ಸೆಟ್ಟಿಂಗ್) ಎಲ್ಲಾ ಅಲ್ಲಿಂದಲೇ ಆಗುತ್ತದೆ.

ಕ್ಲೌಡ್ ಲಾಗಿನ್ ಅಂದರೆ ಮೈಕ್ರೋಸಾಫ್ಟ್‌ನ ಎಂಟ್ರಾ ಐಡಿ, ಅದೂ ಒಳ್ಳೆಯದೇ. ಆದರೆ ನಿಮ್ಮ ಟ್ಯಾಲಿ ಡೇಟಾ, ಶೇರ್ ಫೋಲ್ಡರ್ ಎಲ್ಲಾ ಲ್ಯಾನ್ ಒಳಗೇ ಇದೆ. ಮಿಂಟ್ ಸಿಸ್ಟಮ್ ಎರಡಿವೆ. ತಿಂಗಳ ಬಾಡಿಗೆ ಬೇರೆ. ನಿಮಗೆ ಸಾಂಬಾನೇ ಸರಿ ಅಂತ ನನ್ನ ಅಭಿಪ್ರಾಯ.

ಉಬುಂಟು ಅಥವಾ ಡೆಬಿಯನ್ ತಗೊಳ್ಳಿ. ಆಲ್ಮಾ, ರಾಕಿ ಲಿನಕ್ಸ್‌ಗಳು ಬೇಡ, ಅವುಗಳ ಸಾಂಬಾದಲ್ಲಿ ಡೊಮೈನ್ ಕಂಟ್ರೋಲರ್ ಭಾಗವನ್ನು ಕೊಟ್ಟಿಲ್ಲ. ಇನ್ನೊಂದು ಮಾತು. ಡೊಮೈನ್ ಕಂಟ್ರೋಲರ್ ಮೇಲೇ ಫೈಲ್ ಶೇರ್ ಇಡಬೇಡಿ ಅಂತ ಸಾಂಬಾದವರೇ ಹೇಳುತ್ತಾರೆ. 16 ಜಿಬಿ ಇದೆಯಲ್ಲ, ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರವನ್ನು ಹಲವು ಯಂತ್ರಗಳ ಹಾಗೆ ಓಡಿಸುವ ತಂತ್ರಾಂಶ) ಹಾಕಿ ಎರಡು ವರ್ಚುವಲ್ ಮಷಿನ್ ಮಾಡಿ. ಒಂದು ಕಂಟ್ರೋಲರ್‌ಗೆ, ಇನ್ನೊಂದು ಫೈಲ್‌ಗೆ. ಕಂಟ್ರೋಲರ್‌ಗೆ 2 ಜಿಬಿ ಕೊಟ್ಟರೂ ನಿಮ್ಮ ಆಫೀಸಿಗೆ ಜಾಸ್ತಿಯೇ.

ಈಗ ಡೊಮೈನ್ ಹೆಸರು. ಇದನ್ನು ಅವಸರದಲ್ಲಿ ಇಡಬೇಡಿ, ಆಮೇಲೆ ಬದಲಿಸುವುದು ಬಹಳ ಕಷ್ಟ. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಕೊನೆಗೆ 'ಡಾಟ್ ಲೋಕಲ್' ಅಂತ ಇಡುತ್ತಾರೆ. ಅದು ಬೇಡ. ಆ ಹೆಸರನ್ನು ಪ್ರಿಂಟರ್‌ಗಳು, ಮ್ಯಾಕ್, ಲಿನಕ್ಸ್ ಎಲ್ಲಾ ತಮ್ಮ ತಮ್ಮಲ್ಲಿ ಹುಡುಕಿಕೊಳ್ಳಲು ಬಳಸುತ್ತವೆ. ನಿಮ್ಮ ಮಿಂಟ್ ಸಿಸ್ಟಮ್‌ಗಳು ಸರ್ವರನ್ನು ಕೇಳುವ ಮೊದಲೇ 'ಸಿಗಲಿಲ್ಲ' ಅಂತ ಕೈಚೆಲ್ಲುತ್ತವೆ. ಆಫೀಸಿನ ವೆಬ್‌ಸೈಟ್ ಹೆಸರು ಇದ್ದೇ ಇರುತ್ತದೆ, ಅದರ ಮುಂದೆ 'ಎಡಿ ಡಾಟ್' ಸೇರಿಸಿ. ಡೊಮೈನಿನ ಚಿಕ್ಕ ಹೆಸರು 15 ಅಕ್ಷರ ಮೀರಬಾರದು.

ಪೆಂಗ್ವಿನ್_ಮೈಸೂರು

ತಂತಿಮನೆಯವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಉಬುಂಟುವಿನಲ್ಲಿ ಪ್ರೊವಿಷನ್ (ಹೊಸ ಡೊಮೈನ್ ಹುಟ್ಟುಹಾಕುವ ಹೆಜ್ಜೆ) ಮಾಡುವ ಮೊದಲು ಮೂರು ವಿಷಯ ನೋಡಿಕೊಳ್ಳಿ, ಹೊಸಬರು ನಿಲ್ಲುವುದು ಇಲ್ಲೇ.

ಸಿಸ್ಟಮ್‌ಡಿ-ರಿಸಾಲ್ವ್ಡ್ ಅನ್ನುವುದು 53ನೇ ಪೋರ್ಟ್ ಹಿಡಿದು ಕೂತಿರುತ್ತದೆ. ಸಾಂಬಾದ ಡಿಎನ್ಎಸ್‌ಗೂ (ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಸೇವೆ) ಅದೇ ಪೋರ್ಟ್ ಬೇಕು. ಮೊದಲು ಅದನ್ನು ನಿಲ್ಲಿಸಿ. ಎರಡನೆಯದು, ಹೋಸ್ಟ್ಸ್ ಫೈಲ್. ಇನ್‌ಸ್ಟಾಲರ್ ಸರ್ವರಿನ ಹೆಸರನ್ನು 127.0.1.1ಕ್ಕೆ ಕಟ್ಟಿರುತ್ತದೆ. ಅದನ್ನು ತೆಗೆದು ಸರ್ವರಿನ ಲ್ಯಾನ್ ವಿಳಾಸ ಬರೆಯಿರಿ. ಇಲ್ಲದಿದ್ದರೆ ಕಂಟ್ರೋಲರ್ ತನ್ನ ವಿಳಾಸ ಅಂತ ಎಲ್ಲರಿಗೂ 127 ಅನ್ನೇ ಹೇಳುತ್ತದೆ, ಸಿಸ್ಟಮ್‌ಗಳು ತಮ್ಮನ್ನೇ ತಾವು ಕರೆದುಕೊಳ್ಳುತ್ತವೆ. ಮೂರನೆಯದು, ಪ್ಯಾಕೇಜ್ ಜೊತೆ ಬಂದ ಎಸ್ಎಂಬಿ ಡಾಟ್ ಕಾನ್ಫ್ ಫೈಲನ್ನು ಪಕ್ಕಕ್ಕೆ ಸರಿಸಿ. ಅದು ಇದ್ದರೆ ಪ್ರೊವಿಷನ್ ತಕರಾರು ಮಾಡುತ್ತದೆ. ಉಬುಂಟು 24.04ರಲ್ಲಿ ಸಾಂಬಾ-ಎಡಿ-ಡಿಸಿ ಅನ್ನುವ ಪ್ಯಾಕೇಜ್ ಬೇರೆಯೇ ಇದೆ, ಬರೀ ಸಾಂಬಾ ಹಾಕಿದರೆ ಸಾಲದು.

ತಂತಿಮನೆ

ಸರಿಯಾಗಿ ಹೇಳಿದಿರಿ. ಡಿಎನ್ಎಸ್ ಬಗ್ಗೆ ನಾನು ಇನ್ನೂ ಸ್ವಲ್ಪ ಹೇಳಲೇಬೇಕು. ಡೊಮೈನ್ ಕೆಟ್ಟಿದೆ ಅಂತ ನನ್ನ ಹತ್ತಿರ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಡಿಎನ್ಎಸ್‌ದೇ.

ಲಾಗಿನ್ ಮಾಡುವಾಗ ಸಿಸ್ಟಮ್ ಮೊದಲು ಡಿಎನ್ಎಸ್ ಹತ್ತಿರ 'ಈ ಡೊಮೈನಿನ ಕಂಟ್ರೋಲರ್ ಎಲ್ಲಿದೆ' ಅಂತ ಕೇಳುತ್ತದೆ. ಉತ್ತರ ಗೊತ್ತಿರುವುದು ನಿಮ್ಮ ಸಾಂಬಾಗೆ ಮಾತ್ರ. ಜನ ಏನು ಮಾಡುತ್ತಾರೆ ಅಂದರೆ, ಮೊದಲನೆಯದಾಗಿ ಸಾಂಬಾ ವಿಳಾಸ ಹಾಕಿ, 'ಇರಲಿ' ಅಂತ ಎರಡನೆಯದಾಗಿ 8.8.8.8 (ಗೂಗಲ್‌ನ ಡಿಎನ್ಎಸ್) ಹಾಕುತ್ತಾರೆ. ನಮ್ಮ ಮನೆಯ ಬೀಗದ ಕೈ ಎಲ್ಲಿಟ್ಟಿದ್ದೇವೆ ಅಂತ ಬೇರೆ ಊರಿನವರನ್ನು ಕೇಳಿದ ಹಾಗೆ ಅದು. ಸಾಂಬಾ ಒಂದು ಕ್ಷಣ ತಡಮಾಡಿದರೆ ವಿಂಡೋಸ್ ಎರಡನೆಯದಕ್ಕೆ ಹೋಗುತ್ತದೆ, ಹೋದಮೇಲೆ ಸ್ವಲ್ಪ ಹೊತ್ತು ಅಲ್ಲೇ ಉಳಿಯುತ್ತದೆ. ಬೆಳಗ್ಗೆ ಲಾಗಿನ್ ಆಗುತ್ತದೆ, ಮಧ್ಯಾಹ್ನ ಶೇರ್ ಫೋಲ್ಡರ್ ಕಾಣುವುದಿಲ್ಲ, ಸಂಜೆ ತಾನಾಗಿ ಸರಿಹೋಗುತ್ತದೆ. ಇಂಥ ದೋಷ ಹುಡುಕುವುದು ತುಂಬಾ ಕಷ್ಟ. ಸಿಸ್ಟಮ್‌ಗಳಲ್ಲಿ ಸಾಂಬಾ ವಿಳಾಸ ಒಂದೇ ಇರಲಿ. ಹೊರಗಿನ ಹೆಸರುಗಳನ್ನು ಸಾಂಬಾನೇ ಮುಂದಕ್ಕೆ ಕಳಿಸಿ ಕೇಳುತ್ತದೆ, ಫಾರ್ವರ್ಡರ್‌ನಲ್ಲಿ 8.8.8.8 ಹಾಕಿ.

ಇಂಟರ್ನೆಟ್‌ನವರು ಕೊಟ್ಟ ರೂಟರ್‌ನಲ್ಲಿ ಡಿಎಚ್‌ಸಿಪಿಯ (ಸಿಸ್ಟಮ್‌ಗಳಿಗೆ ತಾನಾಗಿ ವಿಳಾಸ ಹಂಚುವ ಸೇವೆ) ಡಿಎನ್ಎಸ್ ಬದಲಿಸಲು ಬಿಡದಿದ್ದರೆ, ರೂಟರ್‌ನ ಡಿಎಚ್‌ಸಿಪಿ ಆಫ್ ಮಾಡಿ ಅದನ್ನೂ ಸರ್ವರ್‌ನಲ್ಲೇ ಓಡಿಸಿ.

ಆಮೇಲೆ ಗಡಿಯಾರ. ಡೊಮೈನ್ ಲಾಗಿನ್ ನಡೆಯುವುದು ಕೆರ್ಬರೋಸ್ ವಿಧಾನದಲ್ಲಿ, ಅದು ಕೊಡುವ ಟಿಕೆಟ್‌ಗೆ (ಒಳಗೆ ಬಿಡುವ ಗುರುತಿಗೆ) ಸಮಯ ಮುಖ್ಯ. ಸರ್ವರ್‌ಗೂ ಸಿಸ್ಟಮ್‌ಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅದು ಒಪ್ಪುವುದಿಲ್ಲ. ನಿಮ್ಮ ಹಳೆಯ ಎರಡು ಸಿಸ್ಟಮ್‌ಗಳ ಮದರ್‌ಬೋರ್ಡಿನಲ್ಲಿ ಸಿಆರ್2032 ಬಟನ್ ಸೆಲ್ ಇರುತ್ತದೆ, ಅದನ್ನು ಈಗಲೇ ಬದಲಿಸಿಬಿಡಿ. ಸೆಲ್ ಸತ್ತಿದ್ದರೆ ರಾತ್ರಿ ಮೇನ್ ಸ್ವಿಚ್ ತೆಗೆದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಬೆಳಗ್ಗೆ ಬಂದವರು ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡುವುದಿಲ್ಲ. ಎಲ್ಲರೂ ಪಾಸ್‌ವರ್ಡ್ ಮರೆತಿದ್ದಾರೆ ಅಂದುಕೊಂಡು ರೀಸೆಟ್ ಮಾಡುತ್ತಾ ಕೂರುತ್ತಾರೆ. ಸರ್ವರ್‌ನಲ್ಲಿ ಕ್ರೋನಿ (ಸಮಯ ಹೊಂದಿಸುವ ತಂತ್ರಾಂಶ) ಹಾಕಿ, ಉಳಿದವೆಲ್ಲ ಅದನ್ನು ನೋಡಿ ಸಮಯ ಹೊಂದಿಸಿಕೊಳ್ಳಲಿ.

ಲೆಕ್ಕದ_ಪುಸ್ತಕ

ನಾನು ಹುಬ್ಬಳ್ಳಿಯ ಒಂದು ಆಡಿಟ್ ಆಫೀಸಿನಲ್ಲಿ ಅಕೌಂಟೆಂಟ್. ನಮ್ಮಲ್ಲಿ ಡೊಮೈನ್ ಹಾಕಿ ಸ್ವಲ್ಪ ಕಾಲ ಆಗಿದೆ. ಸರ್ವರ್ ಹಾಕುವವರು ಹೇಳದ ಕೆಲವು ವಿಷಯ ಹೇಳುತ್ತೇನೆ, ಬಳಸುವವರ ಕಡೆಯಿಂದ.

ಮೊದಲನೆಯದು, ದಿನ ನೋಡಿ ಮಾಡಿ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. 21ರ ನಂತರ ತಿಂಗಳ ಕೊನೆಯ ತನಕ ಮಾತ್ರ ಉಸಿರಾಡಲು ಜಾಗ. ಜುಲೈ, ಸೆಪ್ಟೆಂಬರ್‌ನಲ್ಲಂತೂ ಮುಟ್ಟಲೇಬೇಡಿ.

ಎರಡನೆಯದು, ಸಿಸ್ಟಮ್ ಡೊಮೈನ್‌ಗೆ ಸೇರಿಸಿ ಹೊಸ ಐಡಿಯಲ್ಲಿ ಲಾಗಿನ್ ಆದಾಗ ಡೆಸ್ಕ್‌ಟಾಪ್ ಖಾಲಿ! ನಮ್ಮ ಹುಡುಗಿಯೊಬ್ಬಳು ಅತ್ತೇ ಬಿಟ್ಟಳು, ಕೆಲಸವೆಲ್ಲ ಹೋಯಿತು ಅಂತ. ಏನೂ ಹೋಗಿರಲಿಲ್ಲ. ಹೊಸ ಐಡಿಗೆ ಹೊಸ ಪ್ರೊಫೈಲ್, ಹಳೆಯದು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ಹಾಗೇ ಇತ್ತು. ಮೊದಲೇ ಎಲ್ಲರಿಗೂ ಹೇಳಿಬಿಡಿ.

ಮೂರನೆಯದು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್. ಪೋರ್ಟಲ್‌ಗಳ ಲಾಗಿನ್ ಎಲ್ಲಾ ಕ್ರೋಮ್‌ನಲ್ಲಿ ಇರುತ್ತವಲ್ಲ, ಫೋಲ್ಡರ್ ಕಾಪಿ ಮಾಡಿದರೆ ಅವು ಬರುವುದಿಲ್ಲ.

ತಂತಿಮನೆ

ಮೇಡಂ, ನೀವು ಹೇಳಿದ್ದು ತುಂಬಾ ಮುಖ್ಯ. ಆ ಪಾಸ್‌ವರ್ಡ್‌ಗಳನ್ನು ವಿಂಡೋಸ್ ಆ ಹಳೆಯ ಅಕೌಂಟಿಗೇ ಬೀಗ ಹಾಕಿ ಇಟ್ಟಿರುತ್ತದೆ, ಬೇರೆ ಅಕೌಂಟಿನಲ್ಲಿ ತೆರೆಯುವುದಿಲ್ಲ. ಬದಲಿಸುವ ಮೊದಲು ಕ್ರೋಮ್‌ನಿಂದ ಎಕ್ಸ್‌ಪೋರ್ಟ್ ಮಾಡಿ, ಹೊಸ ಕಡೆ ಇಂಪೋರ್ಟ್ ಮಾಡಿ, ಆಮೇಲೆ ಆ ಫೈಲನ್ನು ಅಳಿಸಿ. ಅದು ಬೀಗ ಇಲ್ಲದ ಫೈಲ್, ಡೌನ್‌ಲೋಡ್ಸ್‌ನಲ್ಲಿ ಬಿಟ್ಟರೆ ಯಾರು ಬೇಕಾದರೂ ಓದಬಹುದು.

ಟ್ಯಾಲಿಗೂ ಒಂದು ಮಾತು. ಕಂಪನಿ ಡೇಟಾ ಎಲ್ಲಿದೆ ಅನ್ನುವ ದಾರಿ ಟ್ಯಾಲಿ ಡಾಟ್ ಐಎನ್ಐ ಫೈಲಿನಲ್ಲಿ ಇರುತ್ತದೆ. ಗ್ರೂಪ್ ಪಾಲಿಸಿಯಿಂದ ಎಲ್ಲರಿಗೂ ಒಂದೇ ಡ್ರೈವ್ ಅಕ್ಷರ, ಟಿ ಅಂತಲೇ ಇಟ್ಟುಕೊಳ್ಳಿ, ಬರುವ ಹಾಗೆ ಮಾಡಿ. ಆಗ ಯಾವ ಸಿಸ್ಟಮ್‌ನಲ್ಲಿ ಕೂತರೂ ದಾರಿ ಒಂದೇ. ಅನುಮತಿಯನ್ನು ವ್ಯಕ್ತಿಗಳಿಗೆ ಕೊಡಬೇಡಿ, ಗ್ರೂಪಿಗೆ ಕೊಡಿ. ಆಡಿಟ್, ಜಿಎಸ್‌ಟಿ, ಆರ್ಟಿಕಲ್ ಅಂತ ಮೂರು ಗ್ರೂಪ್ ಸಾಕು. ಹೊಸ ಹುಡುಗ ಬಂದರೆ ಗ್ರೂಪಿಗೆ ಸೇರಿಸಿದರೆ ಮುಗಿಯಿತು.

ಇನ್ನೊಂದು, ಟ್ಯಾಲಿ ಒಳಗಿನ ಯೂಸರ್‌ಗಳು ಬೇರೆ, ವಿಂಡೋಸ್ ಯೂಸರ್‌ಗಳು ಬೇರೆ. ಕಂಪನಿಗಳ ಲೆಕ್ಕಕ್ಕೆ 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ (ಪ್ರತಿ ಬದಲಾವಣೆಯ ದಾಖಲೆ) ಕಡ್ಡಾಯ ಆಗಿದೆ, ನಿಮಗೇ ಚೆನ್ನಾಗಿ ಗೊತ್ತು. ಟ್ಯಾಲಿಯ ಎಡಿಟ್ ಲಾಗ್‌ನಲ್ಲಿ ಬರುವುದು ಟ್ಯಾಲಿ ಯೂಸರಿನ ಹೆಸರು. ಅಲ್ಲೂ ಎಲ್ಲರೂ ಒಂದೇ ಹೆಸರಲ್ಲಿ ಹೋಗುತ್ತಿದ್ದರೆ ಡೊಮೈನ್ ಹಾಕಿಯೂ ಆ ಪ್ರಶ್ನೆ ಹಾಗೇ ಉಳಿಯುತ್ತದೆ.

ಮಲೆನಾಡ_ಮಳೆ

ತಂತಿಮನೆ ಸರ್, ಒಪ್ಪಿದೆ, ಆಡಿಟ್ ಆಫೀಸಿಗೆ ಬೇಕು. ಆದರೆ ಕಂಟ್ರೋಲರ್ ಕೆಟ್ಟರೆ ಇಡೀ ಆಫೀಸೇ ನಿಲ್ಲುತ್ತದಲ್ಲ? ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಗತಿ ನಿಮಗೆ ಗೊತ್ತಲ್ಲ. ಅದಕ್ಕೇ ನನಗೆ ಭಯ.

ಕಡಲತಡಿ

ಪೂರ್ತಿ ನಿಲ್ಲುವುದಿಲ್ಲ. ಒಂದು ಸಿಸ್ಟಮ್‌ನಲ್ಲಿ ಮೊದಲು ಲಾಗಿನ್ ಆದವರ ಗುರುತನ್ನು ವಿಂಡೋಸ್ ನೆನಪಿಟ್ಟುಕೊಳ್ಳುತ್ತದೆ, ಸಾಮಾನ್ಯವಾಗಿ ಕೊನೆಯ 10 ಜನರದ್ದು. ಕಂಟ್ರೋಲರ್ ಇಲ್ಲದಿದ್ದರೂ ಅವರು ಒಳಗೆ ಹೋಗಬಹುದು. ಆದರೆ ಆ ಸಿಸ್ಟಮ್‌ನಲ್ಲಿ ಒಮ್ಮೆಯೂ ಕೂತಿರದವರಿಗೆ ಆಗುವುದಿಲ್ಲ. ಶೇರ್ ಫೋಲ್ಡರ್ ತೊಂದರೆ ಕೊಡುತ್ತದೆ, ಡಿಎನ್ಎಸ್ ಅಲ್ಲೇ ಇರುವುದರಿಂದ ಇಂಟರ್ನೆಟ್ಟೂ ನಿಂತ ಹಾಗೆ ಕಾಣುತ್ತದೆ. ಯುಪಿಎಸ್ ಬೇಕೇ ಬೇಕು. ಎರಡನೇ ಕಂಟ್ರೋಲರ್ ಇದ್ದರೆ ಇನ್ನೂ ಒಳ್ಳೆಯದು.

ತಂತಿಮನೆ

ಎರಡನೆಯದಕ್ಕೆ ಬೇರೆ ಯಂತ್ರವೇ ಬೇಕು. ಅದೇ ಪ್ರಾಕ್ಸ್‌ಮಾಕ್ಸ್ ಮೇಲೆ ಎರಡನ್ನೂ ಇಟ್ಟರೆ ಪ್ರಯೋಜನ ಇಲ್ಲ. ಯಾವುದಾದರೂ ಹಳೆಯ ಡೆಸ್ಕ್‌ಟಾಪ್ ಸಾಕು. ಸಿಸ್ಟಮ್‌ಗಳಲ್ಲಿ ಎರಡನೇ ಡಿಎನ್ಎಸ್ ಆಗಿ ಆಗ ಇದನ್ನು ಹಾಕಬಹುದು. ಒಂದು ತೊಡಕಿದೆ: ಗ್ರೂಪ್ ಪಾಲಿಸಿ ಇರುವ ಸಿಸ್‌ವಾಲ್ ಫೋಲ್ಡರನ್ನು ಸಾಂಬಾ ತಾನಾಗಿ ಇನ್ನೊಂದಕ್ಕೆ ಕಳಿಸುವುದಿಲ್ಲ. ಆರ್‌ಸಿಂಕ್ (ಫೈಲ್‌ಗಳನ್ನು ನಕಲಿಸುವ ತಂತ್ರಾಂಶ) ಹಾಕಿಕೊಳ್ಳಬೇಕು.

ಎರಡನೆಯದು ಆಗದಿದ್ದರೂ ಬ್ಯಾಕಪ್ ಬಿಡಬೇಡಿ. ಸಾಂಬಾ-ಟೂಲ್‌ನಲ್ಲೇ ಡೊಮೈನ್ ಬ್ಯಾಕಪ್ ಆಜ್ಞೆ ಇದೆ, ರಾತ್ರಿ ತಾನಾಗಿ ಓಡುವ ಹಾಗೆ ಇಡಿ. ಆ ಫೈಲಿನಲ್ಲಿ ಎಲ್ಲರ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗುಪ್ತ ರೂಪ) ಇರುತ್ತದೆ, ಶೇರ್ ಫೋಲ್ಡರಿನಲ್ಲಿ ಹಾಕಬೇಡಿ. ಮರಳಿ ತರುವಾಗ ಹೊಸ ಸರ್ವರ್ ಹೆಸರು ಕೇಳುತ್ತದೆ, ಹಳೆಯ ಹೆಸರನ್ನು ಒಪ್ಪುವುದಿಲ್ಲ. ಇದನ್ನು ಮೊದಲೇ ಒಂದು ಖಾಲಿ ವರ್ಚುವಲ್ ಮಷಿನ್‌ನಲ್ಲಿ, ಆಫೀಸಿನ ನೆಟ್‌ವರ್ಕಿಗೆ ಸೇರಿಸದೆ, ಮಾಡಿ ನೋಡಿ.

ಬೆಣ್ಣೆನಗರಿ

ಎಷ್ಟು ವಿಷಯ ಹೇಳಿದಿರಿ, ಎಲ್ಲರಿಗೂ ಧನ್ಯವಾದ. ಇನ್ನು ನಾಲ್ಕು ಸಣ್ಣ ಪ್ರಶ್ನೆ. ಹೋಮ್ ಎಡಿಷನ್ ಲ್ಯಾಪ್‌ಟಾಪ್ ಏನು ಮಾಡಲಿ? ಮಿಂಟ್ ಹೇಗೆ ಸೇರಿಸಲಿ? ಪಾಸ್‌ವರ್ಡ್ ಎಷ್ಟು ದಿನಕ್ಕೆ ಬದಲಿಸಬೇಕು? ಬಿಟ್ಟುಹೋದವರ ಐಡಿ ಡಿಲೀಟ್ ಮಾಡಿದರೆ ಸಾಕಾ?

ಪೆಂಗ್ವಿನ್_ಮೈಸೂರು

ಮಿಂಟ್ ನನಗೆ ಬಿಡಿ. ಲಿನಕ್ಸನ್ನು ಡೊಮೈನ್‌ಗೆ ಸೇರಿಸುವ ರಿಯಲ್ಮ್‌ಡಿ, ಎಸ್ಎಸ್ಎಸ್‌ಡಿ ಪ್ಯಾಕೇಜ್ ಹಾಕಿ, ರಿಯಲ್ಮ್ ಜಾಯಿನ್ ಆಜ್ಞೆ ಕೊಡಿ. ಎಸ್ಎಸ್ಎಸ್‌ಡಿ ಫೈಲಿನಲ್ಲಿ ಪೂರ್ತಿ ಹೆಸರು ಬಳಸುವ ಆಯ್ಕೆಯನ್ನು ಫಾಲ್ಸ್ ಮಾಡಿ, ಇಲ್ಲದಿದ್ದರೆ ಪ್ರತಿ ಸಲ ಹೆಸರಿನ ಜೊತೆ ಡೊಮೈನೂ ಟೈಪ್ ಮಾಡಬೇಕಾಗುತ್ತದೆ. ಮೊದಲ ಲಾಗಿನ್‌ನಲ್ಲಿ ಹೋಮ್ ಫೋಲ್ಡರ್ ತಾನಾಗಿ ಆಗಲು ಪ್ಯಾಮ್‌ನಲ್ಲಿ (ಲಿನಕ್ಸ್‌ನ ಲಾಗಿನ್ ಸೆಟ್ಟಿಂಗ್) ಎಂಕೆಹೋಮ್‌ಡಿರ್ ಆನ್ ಮಾಡಿ. ಐಡಿಗಳನ್ನು ಸಣ್ಣಕ್ಷರದಲ್ಲೇ ಇಡಿ, ನಡುವೆ ಖಾಲಿ ಜಾಗ ಬೇಡ.

ತಂತಿಮನೆ

ಹೋಮ್ ಎಡಿಷನ್ ಡೊಮೈನ್‌ಗೆ ಸೇರುವುದಿಲ್ಲ. ದುಡ್ಡು ಕೊಟ್ಟು ಪ್ರೊ ಮಾಡಿಸಬಹುದು. ಇಲ್ಲವೇ ಹಾಗೇ ಬಿಟ್ಟು, ಶೇರ್ ತೆರೆಯುವಾಗ ಮಾತ್ರ ಡೊಮೈನ್ ಐಡಿ, ಪಾಸ್‌ವರ್ಡ್ ಹಾಕಬಹುದು. ಕ್ಲೈಂಟ್ ಹತ್ತಿರ ಹೋಗುವ ಲ್ಯಾಪ್‌ಟಾಪ್ ಆದರೆ ನಾನು ಪ್ರೊ ಮಾಡಿಸುತ್ತೇನೆ, ಬಿಟ್‌ಲಾಕರ್‌ಗಾದರೂ (ಡಿಸ್ಕಿಗೇ ಬೀಗ ಹಾಕುವ ಸೌಲಭ್ಯ) ಬೇಕು.

ಪಾಸ್‌ವರ್ಡ್: ಏನೂ ಮಾಡದೆ ಬಿಟ್ಟರೆ 42 ದಿನಕ್ಕೆ ಅವಧಿ ಮುಗಿಯುತ್ತದೆ. ಅಡ್ಮಿನಿಸ್ಟ್ರೇಟರ್ ಐಡಿಗೂ ಅದೇ ಲೆಕ್ಕ. ಪದೇ ಪದೇ ಬದಲಿಸಿ ಅಂತ ಪೀಡಿಸಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಬದಲಿಸು ಅಂದಾಗಲೆಲ್ಲ ಜನ ಕೊನೆಗೆ 1, 2, 3 ಸೇರಿಸುತ್ತಾರೆ, ಮಾನಿಟರ್ ಮೇಲೆ ಚೀಟಿ ಅಂಟಿಸುತ್ತಾರೆ. ಉದ್ದ ಜಾಸ್ತಿ ಮಾಡಿ, 12 ಅಕ್ಷರ ಇರಲಿ, ಅವಧಿ ತೆಗೆದುಬಿಡಿ. ಯಾರಿಗಾದರೂ ಗೊತ್ತಾಗಿದೆ ಅನ್ನಿಸಿದಾಗ ಬದಲಿಸಿ.

ಬಿಟ್ಟುಹೋದವರ ಐಡಿಯನ್ನು ಡಿಲೀಟ್ ಮಾಡಬೇಡಿ, ಡಿಸೇಬಲ್ ಮಾಡಿ. ಡಿಲೀಟ್ ಮಾಡಿದರೆ ಅವರು ಮಾಡಿದ ಫೈಲಿನ ಒಡೆಯರ ಜಾಗದಲ್ಲಿ ಹೆಸರಿನ ಬದಲು ಎಸ್-1-5-21 ಅಂತ ಶುರುವಾಗುವ ಉದ್ದ ಸಂಖ್ಯೆ ಕಾಣುತ್ತದೆ. ಯಾರು ಮಾಡಿದ್ದು ಅನ್ನುವುದಕ್ಕೇ ಅಲ್ವಾ ನೀವು ಇಷ್ಟೆಲ್ಲ ಮಾಡುತ್ತಿರುವುದು? ಆ ಐಡಿಯನ್ನು ಮುಂದೆ ಬರುವ ಅದೇ ಹೆಸರಿನ ಇನ್ನೊಬ್ಬರಿಗೂ ಕೊಡಬೇಡಿ. ಡಿಸೇಬಲ್ ಮಾಡಿದ ಮೇಲೂ ಆಗಲೇ ಲಾಗಿನ್ ಆಗಿರುವವರ ಟಿಕೆಟ್ 10 ಗಂಟೆ ತನಕ ಜೀವಂತ ಇರಬಹುದು. ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಹಳೆಯ ನೆನಪಿನಿಂದ ಅದು ತೆರೆಯುತ್ತಲೇ ಇರುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ವಾಪಸ್ ಪಡೆಯುವುದು, ಐಡಿ ಮುಚ್ಚುವುದು ಒಂದೇ ದಿನ ಆಗಲಿ.

ಶುರು ಮಾಡುವಾಗ ಎರಡು ಸಿಸ್ಟಮ್ ಮಾತ್ರ ಸೇರಿಸಿ. ಡಿಜಿಟಲ್ ಸಿಗ್ನೇಚರ್ ಟೋಕನ್ ಚುಚ್ಚುವ ಸಿಸ್ಟಮ್ ಎಲ್ಲಕ್ಕಿಂತ ಕೊನೆಗೆ. ಪ್ರತಿ ಸಿಸ್ಟಮ್‌ನಲ್ಲೂ ಒಂದು ಲೋಕಲ್ ಅಡ್ಮಿನ್ ಅಕೌಂಟ್ ಉಳಿಸಿಕೊಳ್ಳಿ, ಒಂದೊಂದಕ್ಕೂ ಬೇರೆ ಪಾಸ್‌ವರ್ಡ್.

ಬೆಣ್ಣೆನಗರಿ

ಎಲ್ಲರಿಗೂ ತಿಳಿಸಬೇಕು ಅನ್ನಿಸಿತು. ಸರ್ವರ್ ಆಯಿತು, 9 ವಿಂಡೋಸ್, 2 ಮಿಂಟ್ ಸೇರಿವೆ. ಟೋಕನ್ ಇರುವ ಸಿಸ್ಟಮ್ ಬಾಕಿ. ಒಂದು ತೊಂದರೆ ಬಂದಿದೆ. ಎರಡು ಸಿಸ್ಟಮ್‌ನಲ್ಲಿ ನುಡಿಯಲ್ಲಿ ಬರೆದ ಕನ್ನಡ ಪತ್ರಗಳು ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತಿವೆ. ಹಳೆಯ 'ಆಫೀಸ್' ಅಕೌಂಟಿನಲ್ಲಿ ಸರಿಯಾಗಿ ಕಾಣುತ್ತದೆ. ಡೊಮೈನ್‌ನಿಂದ ಹೀಗಾಯಿತಾ?

ಲೆಕ್ಕದ_ಪುಸ್ತಕ

ನಮಗೂ ಹೀಗೇ ಆಗಿತ್ತು! ಫೈಲ್ ಕೆಟ್ಟಿಲ್ಲ ಸರ್, ಗಾಬರಿ ಬೇಡ. ಫಾಂಟ್ ಮೇಲೆ ಸುಮ್ನೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದರೆ ಈಗಿನ ವಿಂಡೋಸ್ ಅದನ್ನು ಆ ಒಂದು ಅಕೌಂಟಿಗೆ ಮಾತ್ರ ಹಾಕುತ್ತದೆ. ಹೊಸ ಐಡಿಗೆ ಆ ಫಾಂಟ್ ಇಲ್ಲ, ಅದಕ್ಕೇ ಹಾಗೆ ಕಾಣುತ್ತಿದೆ. ನುಡಿ ಫಾಂಟ್‌ಗಳನ್ನು ಆರಿಸಿ, ರೈಟ್ ಕ್ಲಿಕ್ ಮಾಡಿ, 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಕೊಡಿ. ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ವರ್ಡ್ ಮುಚ್ಚಿ ತೆರೆಯಿರಿ.

ಬೆಣ್ಣೆನಗರಿ

ಮೇಡಂ, ಸರಿಹೋಯಿತು! ಎರಡೂ ಸಿಸ್ಟಮ್‌ನಲ್ಲಿ ಕನ್ನಡ ಕಾಣುತ್ತಿದೆ. ಟೋಕನ್ ಸಿಸ್ಟಮ್ ಅನ್ನು 21ರ ನಂತರ ಸೇರಿಸುತ್ತೇನೆ, ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.